ಬ್ರಿಟನ್ನಿನ ಕೆಟಿಪಿ ಯೋಜನೆ: ಸಣ್ಣ ಕಂಪನಿಗೆ ದಕ್ಕುತ್ತದೆಯೇ?

ದಕ್ಕುತ್ತದೆ. ಆದರೆ ಸಮಸ್ಯೆ ಏನೆಂದು ಬಿಡಿಸಿ ಹೇಳಬಲ್ಲ ಕಂಪನಿಗೆ ಮಾತ್ರ. ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್, ಎಲ್ಲರ ಬಾಯಲ್ಲಿ ಕೆಟಿಪಿ, 1975ರಲ್ಲಿ ಟೀಚಿಂಗ್ ಕಂಪನಿ ಸ್ಕೀಮ್ ಆಗಿ ಹುಟ್ಟಿತು. 2003ರಲ್ಲಿ ಈಗಿನ ಹೆಸರು ಬಂತು. ಸದ್ಯ ಅದನ್ನು ನಡೆಸುವುದು ಉದ್ಯಮಗಳ ಹೊಸ ಪ್ರಯತ್ನಗಳಿಗೆ ನೆರವು ಕೊಡುವ ಸರ್ಕಾರಿ ಸಂಸ್ಥೆ ಇನ್ನೋವೇಟ್ ಯುಕೆ. ವಿಶ್ವವಿದ್ಯಾಲಯದ ತಿಳಿವಳಿಕೆಯನ್ನು ಉದ್ಯಮಕ್ಕೆ ಮುಟ್ಟಿಸುವ ಯೋಜನೆಗಳಲ್ಲಿ ಇಷ್ಟು ದೀರ್ಘಕಾಲ ಬಾಳಿದವು ಕಡಿಮೆ.

ವ್ಯವಸ್ಥೆಯಲ್ಲಿ ಮೂರು ಕಡೆಯವರು: ಕಂಪನಿ, ವಿಶ್ವವಿದ್ಯಾಲಯ, ಮತ್ತು ಅಸೋಸಿಯೇಟ್ ಎಂದು ಕರೆಯುವ ಪದವೀಧರ. ಅಸೋಸಿಯೇಟ್‌ಗೆ ಕೆಲಸದ ಪತ್ರ ಕೊಡುವುದು ವಿಶ್ವವಿದ್ಯಾಲಯ; ಕೂತು ಕೆಲಸ ಮಾಡುವುದು ಕಂಪನಿಯಲ್ಲಿ. ಅವಧಿ 12ರಿಂದ 36 ತಿಂಗಳು. ವಿಶ್ವವಿದ್ಯಾಲಯದ ಮೇಲ್ವಿಚಾರಕರು ವಾರಕ್ಕೆ ಸರಾಸರಿ ಅರ್ಧ ದಿನ ಕೊಡಬೇಕು. ನಾಲ್ಕು ತಿಂಗಳಿಗೊಮ್ಮೆ ಎಲ್ಲರೂ ಕೂತು ಲೆಕ್ಕ ನೋಡುವ ಸಭೆ ಇರುತ್ತದೆ. ಅಸೋಸಿಯೇಟ್‌ನ ಸಮಯದಲ್ಲಿ ಶೇ. 10 ಸ್ವಂತ ತರಬೇತಿಗೆ ಮೀಸಲು. ಇದನ್ನು ಕೆಲಸದ ನಷ್ಟ ಎಂದು ಭಾವಿಸುವ ಮಾಲೀಕರಿದ್ದಾರೆ. ಅದು ತಪ್ಪು ಲೆಕ್ಕ. ಯೋಜನೆ ಮುಗಿದ ಮೇಲೆ ಆ ವ್ಯಕ್ತಿ ಅಲ್ಲೇ ಕೆಲಸಕ್ಕೆ ಉಳಿದರೆ ಆ ತರಬೇತಿಯೂ ಕಂಪನಿಯದೇ ಆಸ್ತಿ.

ಖರ್ಚಿನ ಮಾತಿಗೆ ಬಂದರೆ, ಸಣ್ಣ ಮತ್ತು ಮಧ್ಯಮ ಕಂಪನಿಗಳು ಒಟ್ಟು ವೆಚ್ಚದ ಸುಮಾರು ಮೂರನೇ ಒಂದು ಭಾಗ ಹಾಕಬೇಕು, ದೊಡ್ಡವು ಅರ್ಧ. ಉಳಿದದ್ದು ಸರ್ಕಾರದ್ದು. ಸಣ್ಣ ಕಂಪನಿಯ ಪಾಲು ವರ್ಷಕ್ಕೆ ಹತ್ತಿರ ಹತ್ತಿರ 35,000 ಪೌಂಡ್ ಎಂಬ ಅಂದಾಜು ಬಹುಕಾಲದಿಂದ ಚಾಲ್ತಿಯಲ್ಲಿದೆ. ಇದು ನಗದಾಗಿಯೇ ಹೋಗಬೇಕು. ಕಂಪನಿಯ ಎಂಜಿನಿಯರ್ ಅಸೋಸಿಯೇಟ್‌ಗೆ ಕೊಡುವ ಸಮಯ, ಪ್ರಯೋಗಕ್ಕಾಗಿ ಯಂತ್ರ ನಿಲ್ಲಿಸಿದ ಗಂಟೆಗಳು ಇದರ ಮೇಲಿನ ಭಾರ. ಬಜೆಟ್ ಹಾಕುವಾಗ ಹೆಚ್ಚಿನವರು ಮರೆಯುವುದು ಇದನ್ನೇ. ಹತ್ತು ಜನರೂ ಇಲ್ಲದ ಕಂಪನಿಗೆ ಈ ಹೊರೆ ಹೊರುವುದು ಕಷ್ಟ. ಅಂಥವರು ಕೆಲವು ವಾರಗಳ ಸಣ್ಣ ಸಲಹಾ ಒಪ್ಪಂದದಿಂದ ಶುರುಮಾಡುವುದು ಒಳ್ಳೆಯದು.

ಅರ್ಜಿ ಸಲ್ಲಿಸುವುದು ವಿಶ್ವವಿದ್ಯಾಲಯ. ಅದಕ್ಕೂ ಮೊದಲು ಯೋಜನೆಯ ಸಲಹೆಗಾರರು ಪ್ರಸ್ತಾವವನ್ನು ನೋಡುತ್ತಾರೆ, ಮತ್ತು ಇಡೀ ಸೇವೆಯಲ್ಲಿ ಅತಿ ಬೆಲೆಯುಳ್ಳ ಭಾಗ ಈ ಹಂತವೇ. "ನಮಗೆ ಕೃತಕ ಬುದ್ಧಿಮತ್ತೆ ಬೇಕು" ಎಂದು ಬಂದ ಪ್ರಸ್ತಾವ ಈ ಹಂತ ದಾಟುವುದಿಲ್ಲ. ಉದಾಹರಣೆಗೆ ಲೋಹದ ಭಾಗಗಳಿಗೆ ಪುಡಿ ಬಣ್ಣ ಹಾಕುವ ಘಟಕವೊಂದನ್ನು ತೆಗೆದುಕೊಳ್ಳಿ. ನೂರರಲ್ಲಿ ಎಂಟು ಭಾಗ ತಿರಸ್ಕೃತ, ಅದನ್ನು ಮೂರಕ್ಕೆ ಇಳಿಸಬೇಕು ಎಂದರೆ ಅದು ಪ್ರಶ್ನೆ. ಒಲೆಯ ಉಷ್ಣತೆ, ಪದರದ ದಪ್ಪ, ಬಣ್ಣಕ್ಕೆ ಮೊದಲು ಲೋಹವನ್ನು ತೊಳೆದು ಸಜ್ಜುಮಾಡುವ ತೊಟ್ಟಿಯ ರಾಸಾಯನಿಕ ಸಾಂದ್ರತೆ, ಇವುಗಳಲ್ಲಿ ಯಾವುದು ಕಾರಣ ಎಂದು ಕಂಪನಿಗೆ ತಿಳಿಯುತ್ತಿಲ್ಲ ಎಂದರೆ ಅಲ್ಲಿಗೆ ವಿಶ್ವವಿದ್ಯಾಲಯದ ಅಗತ್ಯವೂ ಸ್ಪಷ್ಟ. ಉತ್ತರ ಮೊದಲೇ ಗೊತ್ತಿದ್ದು, ಮಾಡಲು ಕೈ ಸಾಲದು ಎಂಬುದಷ್ಟೇ ಕೊರತೆಯಾದರೆ ಈ ಯೋಜನೆ ಬೇಡ, ಒಬ್ಬ ನೌಕರ ಸಾಕು.

ಕೆಲಸ ಶುರುವಾದ ಮೇಲೆ ಮೊದಲ ಮೂರ್ನಾಲ್ಕು ತಿಂಗಳು ಎಡವುವುದು ದತ್ತಾಂಶದಲ್ಲಿ. ಮೇಲಿನ ಘಟಕದಲ್ಲೇ ಒಲೆಯ ಉಷ್ಣತೆ ನಿಮಿಷಕ್ಕೊಮ್ಮೆ ದಾಖಲಾಗುತ್ತಿದ್ದು, ತಿರಸ್ಕೃತ ಭಾಗಗಳನ್ನು ಪಾಳಿಯ ಕೊನೆಗೆ ಒಟ್ಟಾರೆ ಎಣಿಸಿ ಬರೆದರೆ, ಯಾವ ಭಾಗ ಯಾವ ಹೊತ್ತಿನಲ್ಲಿ ಕೆಟ್ಟಿತು ಎಂದು ಯಾವ ಗಣಿತವೂ ಹೇಳಲಾರದು. ಭಾಗಗಳನ್ನು ತೂಗುಹಾಕುವ ಪ್ರತಿ ಕೊಕ್ಕೆಗೆ ಒಂದು ಸಂಖ್ಯೆ, ತಪಾಸಣೆಯ ಮೇಜಿನಲ್ಲಿ ಸಮಯ ಸಮೇತ ನಮೂದು, ಇಷ್ಟನ್ನು ಅರ್ಜಿ ಬರೆಯುವ ತಿಂಗಳಲ್ಲೇ ಶುರುಮಾಡಿದರೆ ಅಸೋಸಿಯೇಟ್ ಬರುವ ಹೊತ್ತಿಗೆ ಹೋಲಿಸಲು ಹಳೆಯ ಅಂಕಿ ಸಿದ್ಧವಿರುತ್ತವೆ. ಇಲ್ಲದಿದ್ದರೆ ಎರಡು ವರ್ಷದ ನಂತರ ಸುಧಾರಣೆ ಆಯಿತು ಎಂದು ತೋರಿಸಲೂ ಆಧಾರವಿರುವುದಿಲ್ಲ.

ನೇಮಕಾತಿ ನಿಧಾನ, ಇದು ಯೋಜನೆಯ ನಿಜವಾದ ದೌರ್ಬಲ್ಯ. ಮಂಜೂರಾತಿ ಸಿಕ್ಕಿದ ಮೇಲೂ ತಕ್ಕ ಅಭ್ಯರ್ಥಿ ಸಿಗಲು ತಿಂಗಳುಗಳು ಹಿಡಿಯಬಹುದು. ದೊಡ್ಡ ನಗರಗಳಿಂದ ದೂರದಲ್ಲಿರುವ ಕಂಪನಿಗಳಿಗೆ ಇನ್ನೂ ಕಷ್ಟ. ಅಸೋಸಿಯೇಟ್ ನಡುವೆ ಬಿಟ್ಟುಹೋದರೆ ಪೆಟ್ಟು ದೊಡ್ಡದು. ಅದಕ್ಕೆ ಮದ್ದು ಒಂದೇ: ಕಂಪನಿಯ ಒಬ್ಬ ಕಾಯಂ ನೌಕರ ಮೊದಲ ದಿನದಿಂದ ಜೊತೆಗಿರಬೇಕು, ಬರೆದ ಪ್ರೋಗ್ರಾಂ, ಪ್ರಯೋಗದ ದಾಖಲೆ ಎಲ್ಲವೂ ಕಂಪನಿಯ ಕಂಪ್ಯೂಟರಿನಲ್ಲೇ ಇರಬೇಕು.

ಬೌದ್ಧಿಕ ಆಸ್ತಿಯ ಒಪ್ಪಂದವನ್ನು ಅರ್ಜಿಯ ಜೊತೆಜೊತೆಗೇ ಮಾತಾಡಿ ಮುಗಿಸಿ. ಸಾಮಾನ್ಯವಾಗಿ ವ್ಯಾಪಾರದ ಹಕ್ಕು ಕಂಪನಿಗೆ, ಬೋಧನೆ ಮತ್ತು ಪ್ರಕಟಣೆಯ ಹಕ್ಕು ವಿಶ್ವವಿದ್ಯಾಲಯಕ್ಕೆ. ಪ್ರಕಟಿಸುವ ಮೊದಲು ಕಂಪನಿಗೆ ಓದಲು ಎಷ್ಟು ದಿನ ಎಂಬುದನ್ನು ಬರಹದಲ್ಲಿ ಹಾಕಿಸಿಕೊಳ್ಳಿ.

ಪ್ರಾದೇಶಿಕ ಅಂತರದ ವಿಷಯದಲ್ಲಿ ಈ ಯೋಜನೆಯಿಂದ ಅತಿಯಾಗಿ ನಿರೀಕ್ಷಿಸಬಾರದು. ಲಂಡನ್ನಿನಲ್ಲಿ ಗಂಟೆಯೊಂದರ ಉತ್ಪಾದನೆ ದೇಶದ ಸರಾಸರಿಗಿಂತ ಕಾಲುಭಾಗಕ್ಕೂ ಹೆಚ್ಚು. ವೇಲ್ಸ್ ಸರಾಸರಿಗಿಂತ ಬಹಳ ಕೆಳಗಿದೆ. ಒಂದೊಂದೇ ಕಂಪನಿಗೆ ಒಬ್ಬೊಬ್ಬ ಪದವೀಧರನನ್ನು ಕಳಿಸಿ ಈ ಅಂತರವನ್ನು ತುಂಬಲಾಗದು. ಹಾಗಿದ್ದೂ ಹತ್ತಿರದ ವಿಶ್ವವಿದ್ಯಾಲಯವನ್ನೇ ಹಿಡಿಯಬೇಕೆಂಬ ಕಟ್ಟಳೆ ಇಲ್ಲದಿರುವುದು ಹಿಂದುಳಿದ ಕಡೆಯ ಕಂಪನಿಗಳಿಗೆ ದೊಡ್ಡ ಅನುಕೂಲ. ಬಣ್ಣದ ರಸಾಯನಶಾಸ್ತ್ರ ಬಲ್ಲವರು ಎಲ್ಲಿದ್ದರೂ ಅವರನ್ನು ಕೇಳಬಹುದು. ಆದರೆ ವಾರದ ಅರ್ಧ ದಿನ ಅವರು ಕಾರ್ಖಾನೆಗೆ ನಿಜವಾಗಿ ಬರುತ್ತಾರೆಯೇ ಎಂದು ಸಹಿಗೆ ಮೊದಲೇ ಖಚಿತಪಡಿಸಿಕೊಳ್ಳಿ.