ಜೋಡಿ ಅಂತ ಹೇಳಿ ಎರಡೂ ಗಂಡಾಮೆ ಮಾಡಿಟ್ಟ. ಮೈಸೂರಿನವರು ಓದಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಹೊಟ್ಟೆ ಉರೀತಿದೆ.

ನಮ್ಮ ಮನೆಯಲ್ಲಿ ಒಂದು ರೆಡ್ ಇಯರ್ಡ್ ಸ್ಲೈಡರ್ ಆಮೆ ಇದೆ. ಅದೇ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತಲ್ಲ, ಅದು. 2020ರಲ್ಲಿ ತಂದಾಗ ಮಾರಿ ಬಿಸ್ಕತ್ತಿಗಿಂತ ಚಿಕ್ಕದಿತ್ತು. ಮಗಳು ಪುಟ್ಟಿ ಅಂತ ಹೆಸರಿಟ್ಟಳು. ಸುಮ್ನೆ ಇಟ್ಟಳು, ಹೆಣ್ಣೋ ಗಂಡೋ ಯಾರು ನೋಡಿದ್ರು?

ಎರಡು ವರ್ಷದ ಹಿಂದೆ, ಪಾಪ ಒಂಟಿ ಅಂತ ಜೊತೆ ಹುಡುಕಿಕೊಂಡು ಅಂಗಡಿಗೆ ಹೋದೆ. ಯಾವ ಅಂಗಡಿ ಅಂತ ಬರೆಯೋದಿಲ್ಲ. ಮೊಬೈಲಿನಲ್ಲಿ ಪುಟ್ಟಿಯ ಫೋಟೋ ತೋರಿಸಿದೆ. ಅವನು ಮುಂಗಾಲನ್ನ ಜೂಮ್ ಮಾಡಿ ನೋಡಿದ. "ಸಾರ್, ಉಗುರು ಎಷ್ಟುದ್ದ ನೋಡಿ! ಪಕ್ಕಾ ಹೆಣ್ಣು. ಮೊಟ್ಟೆ ಇಡೋಕೆ ಮಣ್ಣು ತೋಡಬೇಕಲ್ವಾ?"

ಹೌದಲ್ವಾ ಅನ್ನಿಸಿತು. ತಲೆ ಆಡಿಸಿದೆ. ಆ ತಲೆ ಆಡಿಸಿದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಆಮೇಲೆ ಒಂದು ಮೂರಿಂಚಿನ ಮರಿ ಎತ್ತಿಕೊಂಡ. ಉಗುರು ಗಿಡ್ಡ. "ಇದು ಗಂಡು, ಗ್ಯಾರಂಟಿ." ಪಕ್ಕದ ತೊಟ್ಟಿಯಲ್ಲಿದ್ದ ಅದೇ ಸೈಜಿನವು 500 ರೂಪಾಯಿ. ಇದಕ್ಕೆ 2,200, ಯಾಕಂದ್ರೆ "ನೋಡಿ ಆರಿಸಿದ್ದು". ಕೊಟ್ಟು ಬಂದೆ.

ಮನೆಯಲ್ಲಿ ಸಂಭ್ರಮ. ಪಕ್ಕದ ಸೈಟಿನಿಂದ ಮರಳು ತಂದು ಟಬ್ಬಿಗೆ ತುಂಬಿದೆ, ಮೊಟ್ಟೆ ಇಡಲಿ ಅಂತ. ಪುಟ್ಟಿ ಸ್ವಲ್ಪ ಜಾಸ್ತಿ ತಿಂದರೆ ಸಾಕು, ನಮ್ಮಮ್ಮ "ಬಸುರಿ ಇರಬೇಕು ಕಣೋ, ಬಯ್ಯಬೇಡ" ಅನ್ನೋರು. ಬಾಣಂತನ ಒಂದು ಬಾಕಿ.

ಮರಿ ಬೆಳೀತಾ ಅದಕ್ಕೂ ಉಗುರು ಉದ್ದ ಆಯ್ತು. ಕಚ್ಚಾಟ ಶುರುವಾಯ್ತು. ಅಂಗಡಿಯವನಿಗೆ ವಿಡಿಯೋ ಕಳಿಸಿದೆ. "ಗಂಡ ಹೆಂಡ್ತಿ ಜಗಳ ಸಾರ್, ಸರಿಹೋಗುತ್ತೆ." ಒಂದು ದಿನ ನೀರು ಕೆಂಪಗಾಗಿತ್ತು. ಮರಿಯ ಬಾಲದ ತುದಿ ಕಚ್ಚಿ ಹೋಗಿತ್ತು.

ಪಶುವೈದ್ಯರು ಎರಡನ್ನೂ ಅಂಗಾತ ಹಿಡಿದು ನೋಡಿದರು. ಬಾಲ ಬುಡದಲ್ಲಿ ದಪ್ಪ, ಉದ್ದ. ಮಲ ಹೋಗುವ ರಂಧ್ರ ಚಿಪ್ಪಿನ ಅಂಚು ದಾಟಿ ಆಚೆ ಇದೆ. ಅಲ್ಲಿಗೆ ಬೆರಳಿಟ್ಟು ತೋರಿಸಿದರು. "ಎರಡೂ ಗಂಡೇ." ಹೆಣ್ಣಿಗೆ ಬಾಲ ಗಿಡ್ಡ, ತೆಳು, ರಂಧ್ರ ಚಿಪ್ಪಿನ ಹತ್ತಿರವೇ ಇರುತ್ತಂತೆ. ಬೆಳೆದ ಮೇಲೆ ಹೆಣ್ಣೇ ದೊಡ್ಡದು. ಉದ್ದ ಉಗುರು ಗಂಡಿಂದು, ಹೆಣ್ಣಿನ ಮುಖದ ಮುಂದೆ ಪಟಪಟ ಆಡಿಸಿ ಒಲಿಸಿಕೊಳ್ಳೋಕೆ. ಮಣ್ಣು ತೋಡೋದು ಹೆಣ್ಣು, ಅದೂ ಹಿಂಗಾಲಿನಿಂದ. ಹಿಂಗಾಲಿನಿಂದ! ಅವನು ನನಗೆ ತೋರಿಸಿದ್ದು ಮುಂಗಾಲು.

ಅಂಗಡಿಗೆ ಹೋಗಿ ಕೇಳಿದೆ. ಅವನ ಉತ್ತರ ಕೇಳಿ: "ನಾನು ಗಂಡು ಅಂತ ಕೊಟ್ಟೆ, ಗಂಡೇ ಇದೆಯಲ್ಲ ಸಾರ್. ನಿಮ್ಮ ಮನೇಲಿರೋದಕ್ಕೆ ನಾನು ಹೆಂಗೆ ಜವಾಬ್ದಾರಿ?"

ಬಾಯಿ ಕಟ್ಟಿಹೋಯ್ತು. ಮಾತು ಸರಿ ಇದೆಯಲ್ಲ! ನಿಂಗೆ ಗೊತ್ತಿತ್ತಾ ಅಂತ ಕೇಳಿದರೆ ನಗುತ್ತಾನೆ. ಮೂರಿಂಚಿಗೆ ಯಾರಿಗೂ ಗೊತ್ತಾಗಲ್ಲ. ಸುಮಾರು ನಾಲ್ಕು ಇಂಚು ದಾಟಬೇಕು. ಅವನದ್ದು ಅದೃಷ್ಟ, ನನ್ನದು 2,200.

ಆಮೇಲೆ ಇನ್ನೂ ಎರಡು ಮಾತು ಹೇಳಿದ. ಒಂದು, "ಬೇಡ ಅಂದ್ರೆ ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ." ಇದು ಅಮೆರಿಕದ ಆಮೆ ಮಾರಾಯ್ರೆ, ಕೆರೆಗೆ ಬಿಟ್ಟರೆ ನಮ್ಮೂರ ಆಮೆಗಳ ಜಾಗ, ಊಟ ಎಲ್ಲಾ ಕಿತ್ತುಕೊಳ್ಳುತ್ತೆ. ಇನ್ನೊಂದು, ದನಿ ತಗ್ಗಿಸಿ, "ನಕ್ಷತ್ರ ಆಮೆ ಜೋಡಿ ತರಿಸಿ ಕೊಡ್ಲಾ?" ಅದನ್ನ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನನ್ನನ್ನ ಜೈಲಿಗೂ ಕಳಿಸೋ ಅಂದಾಜಿನಲ್ಲಿದ್ದ.

ಮರಿಗೆ ಗಂಡು ಹೆಣ್ಣು ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಎದ್ದು ಬನ್ನಿ. ದೊಡ್ಡದಾದರೆ ಬಾಲ ನೋಡಿ, ಉಗುರಿನ ಕಥೆ ಕೇಳಬೇಡಿ. ಅಸಲಿಗೆ ಒಂಟಿ ಆಮೆಗೆ ಬೇಜಾರೇ ಆಗಲ್ಲವಂತೆ, ಬೇಜಾರಾಗಿದ್ದು ನನಗೆ.

ಈಗ ಎರಡು ತೊಟ್ಟಿ, ಎರಡು ಫಿಲ್ಟರ್. ಮರಳಿನ ಟಬ್ಬು ಬೀದಿ ಬೆಕ್ಕಿನ ಪಾಲಾಗಿದೆ. ಅಮ್ಮ ಇನ್ನೂ ಪುಟ್ಟಿ ಅಂತಲೇ ಕರೀತಾರೆ.