ಮೆಡಿಕೇರ್‌ನಲ್ಲಿ ಕ್ಯಾನ್ಸರ್ ವೆಚ್ಚ: ಮೆಡಿಗ್ಯಾಪ್ ಕೊಳ್ಳುವುದೋ, ಅಡ್ವಾಂಟೇಜ್ ಸೇರುವುದೋ?

ಅಮೆರಿಕದಲ್ಲಿ ನೆಲೆಸಿ 65 ತುಂಬುತ್ತಿರುವ ಕನ್ನಡಿಗರಿಗೂ ಎದುರಾಗುವ ಪ್ರಶ್ನೆ ಇದು. ಮೆಡಿಕೇರ್ ಅಲ್ಲಿನ ಸರ್ಕಾರದ ಹಿರಿಯರ ಆರೋಗ್ಯ ವಿಮೆ; ಮೆಡಿಗ್ಯಾಪ್ ಅದು ಬಿಟ್ಟ ಖರ್ಚನ್ನು ತುಂಬುವ ಖಾಸಗಿ ಪೂರಕ ವಿಮೆ; ಅಡ್ವಾಂಟೇಜ್ ಮೆಡಿಕೇರ್ ಸೌಲಭ್ಯವನ್ನೇ ಖಾಸಗಿ ಕಂಪನಿಯ ಮೂಲಕ ಪಡೆಯುವ ಯೋಜನೆ. ಸರ್ಕಾರವೇ ನಡೆಸುವ ಮೂಲ ಮೆಡಿಕೇರ್ ಒಂದನ್ನೇ ನಂಬಿ ಕೂರುವುದು ಅಪಾಯ. ಹೊರರೋಗಿಯಾಗಿ ಪಡೆಯುವ ಕೀಮೋ, ವಿಕಿರಣ ಚಿಕಿತ್ಸೆಗಳು ಮೆಡಿಕೇರ್‌ನಲ್ಲಿ ವೈದ್ಯರ ಮತ್ತು ಹೊರರೋಗಿ ಸೇವೆಗಳ ಭಾಗವಾದ ಪಾರ್ಟ್ ಬಿ ಅಡಿ ಬರುತ್ತವೆ. ಶೇ 20 ರೋಗಿಯ ಪಾಲು, ಅದಕ್ಕೆ ಮೇಲ್ಮಿತಿಯೇ ಇಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ದುಬಾರಿ ಇಮ್ಯುನೋಥೆರಪಿಯಾದರೆ ಆ ಐದನೇ ಒಂದು ಪಾಲೇ ಮನೆ ಮುಳುಗಿಸಬಲ್ಲದು.

ಮೆಡಿಗ್ಯಾಪ್‌ನ ಒಂದು ಬಗೆಯಾದ ಪ್ಲಾನ್ ಜಿ, 2025ರಲ್ಲಿ 257 ಡಾಲರ್ ಇದ್ದ ಪಾರ್ಟ್ ಬಿ ವಾರ್ಷಿಕ ಕಡಿತ (ಮೊದಲು ರೋಗಿಯೇ ಕಟ್ಟಬೇಕಾದ ಮೊತ್ತ) ಕಳೆದ ಮೇಲೆ ಆ ಪಾಲನ್ನು ಭರಿಸುತ್ತದೆ. ಪ್ರತಿಯಾಗಿ ತಿಂಗಳು ತಿಂಗಳೂ ಪ್ರೀಮಿಯಂ, ಆರೋಗ್ಯವಾಗಿದ್ದರೂ. ಅಡ್ವಾಂಟೇಜ್‌ನಲ್ಲಿ ಹೆಚ್ಚುವರಿ ಪ್ರೀಮಿಯಂ ಅನೇಕ ವೇಳೆ ಸೊನ್ನೆ. ಕಾಯಿಲೆ ಬಿದ್ದ ವರ್ಷ ಜಾಲದೊಳಗಿನ (ಯೋಜನೆಯೊಂದಿಗೆ ಒಪ್ಪಂದವಿರುವ ಆಸ್ಪತ್ರೆ, ವೈದ್ಯರ) ಚಿಕಿತ್ಸೆಗೇ 9,350 ಡಾಲರ್‌ವರೆಗೆ (2025ರ ಮಿತಿ) ಕೈಯಿಂದ ಹೋಗಬಹುದು. ಜನವರಿಯಲ್ಲಿ ಲೆಕ್ಕ ಮತ್ತೆ ಮೊದಲಿನಿಂದ.

ಗುಳಿಗೆಗಳ ವಿಷಯದಲ್ಲಿ ಎರಡು ದಾರಿಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ: ಔಷಧಿ ವಿಮೆಯಾದ ಪಾರ್ಟ್ ಡಿಯಲ್ಲಿ ರೋಗಿಯ ವಾರ್ಷಿಕ ಖರ್ಚಿನ ಮಿತಿ 2025ರಲ್ಲಿ 2,000 ಡಾಲರ್.

ದೂರದ ದೊಡ್ಡ ಕ್ಯಾನ್ಸರ್ ಕೇಂದ್ರಕ್ಕೆ ಹೋಗುವ ಸ್ವಾತಂತ್ರ್ಯ ಬೇಕೆಂದರೆ ಮೆಡಿಗ್ಯಾಪ್. ಅಡ್ವಾಂಟೇಜ್‌ನಲ್ಲಿ ಜಾಲದ ಗಡಿಯೂ ಚಿಕಿತ್ಸೆಗೆ ಮುನ್ನ ಕಂಪನಿಯ ಪೂರ್ವಾನುಮತಿಗೆ ಕಾಯುವಿಕೆಯೂ ಇವೆ. ಪ್ರೀಮಿಯಂ ಕಟ್ಟುವ ಶಕ್ತಿಯಿಲ್ಲದೆ, ಹತ್ತಿರದ ಒಳ್ಳೆಯ ಆಸ್ಪತ್ರೆ ಜಾಲದಲ್ಲಿದ್ದರೆ ಅಡ್ವಾಂಟೇಜೂ ಸರಿಯೇ. ಆದರೆ 65ರ ನಂತರ ಪಾರ್ಟ್ ಬಿ ಆರಂಭವಾದ ಆರು ತಿಂಗಳು ಮೀರಿದರೆ, ಹೆಚ್ಚಿನ ರಾಜ್ಯಗಳಲ್ಲಿ ಕ್ಯಾನ್ಸರ್ ರೋಗಿಗೆ ಮೆಡಿಗ್ಯಾಪ್ ಕಂಪನಿಗಳು ಬಾಗಿಲು ಮುಚ್ಚಬಹುದು.