ಎಂಸಿಆರ್ ಚಪ್ಪಲಿ: ಕೊಡಗಿನ ಮಳೆಗೆ ಒಗ್ಗುತ್ತದೆಯೇ?

ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಎಂಸಿಆರ್ ಚಪ್ಪಲಿಗೆ ನಾವು ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ಉಳಿದ ಒಂದನ್ನು ಕಳೆದದ್ದು ಕಕ್ಕಡ ತಿಂಗಳ (ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲ) ಕೆಸರು.

ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್, ಒಳಗೆಲ್ಲ ಸಣ್ಣ ಗಾಳಿಗುಳ್ಳೆ ತುಂಬಿದ ಮೆತ್ತನೆ ರಬ್ಬರ್. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಗಾರರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಉಳಿಸಲು ಹುಡುಕಿಕೊಂಡ ದಾರಿ ಇದು. ಸಕ್ಕರೆ ಕಾಯಿಲೆಯಲ್ಲೂ ನರ ಜೋಮು ಹಿಡಿದ ಪಾದಕ್ಕೆ ನೋವು ತಿಳಿಯುವುದಿಲ್ಲ. ಹೆಬ್ಬೆರಳ ಬುಡದಲ್ಲಿ ಒತ್ತಡ ಬಿದ್ದು ಬಿದ್ದು ಚರ್ಮ ಆಣಿಗಟ್ಟುತ್ತದೆ, ಆ ಆಣಿಯ ಅಡಿಯಲ್ಲೇ ಸದ್ದಿಲ್ಲದೆ ಹುಣ್ಣಾಗುತ್ತದೆ. ಮೆತ್ತನೆ ರಬ್ಬರ್ ಆ ಒತ್ತಡವನ್ನು ಇಡೀ ಪಾದಕ್ಕೆ ಹಂಚುತ್ತದೆ.

ಮೆತ್ತಗಿರುವುದೆಲ್ಲ ಎಂಸಿಆರ್ ಅಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ: ತಗ್ಗಬೇಕು, ಬಿಟ್ಟ ಕೂಡಲೇ ಮೇಲೇಳಬೇಕು. ತಳದ ಹೊರಪದರ ಗಟ್ಟಿಯಿರಲಿ, ಇಲ್ಲದಿದ್ದರೆ ತೋಟದ ಮುಳ್ಳು ನೇರ ಒಳಗೆ ಬರುತ್ತದೆ. ಮೊಳೆ ಹೊಡೆದದ್ದು ಬೇಡವೇ ಬೇಡ, ಅಂಟು ಅಥವಾ ಹೊಲಿಗೆ ಸಾಕು. ಹಿಮ್ಮಡಿಗೆ ಪಟ್ಟಿ ಇರಲೇಬೇಕು. ಉಂಗುಟದ ಹವಾಯಿ ಮಾದರಿ ಬೆರಳ ಸಂದಿಯನ್ನು ಉಜ್ಜುತ್ತದೆ. ಸಂಜೆ ಹೋಗಿ ಕೊಳ್ಳಿ, ಆಗ ಪಾದ ಊದಿರುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿ, ಚಪ್ಪಲಿಯೊಳಗೆ ಇಡಿ. ಅಂಚು ಎಲ್ಲಾದರೂ ಮಡಚಿದರೆ ಆ ಜೊತೆ ನಿಮ್ಮದಲ್ಲ. ಮೊದಲ ದಿನ ಒಂದು ಗಂಟೆಗಿಂತ ಹೆಚ್ಚು ಹಾಕಬೇಡಿ. ತೆಗೆದ ಮೇಲೆ ಕೆಂಪು ಗುರುತು 20 ನಿಮಿಷದಲ್ಲಿ ಮಾಯವಾಗದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ.

ಮನೆಯೊಳಗೆ, ಪೇಟೆಗೆ, ಕಾಫಿ ಕಣಕ್ಕೆ ಇದು ಚೆನ್ನಾಗಿದೆ. ಫೆಬ್ರವರಿಯ ಮಧ್ಯಾಹ್ನ ಕಾದ ಸಿಮೆಂಟು ಕಣದಲ್ಲಿ ಬರಿಗಾಲಲ್ಲಿ ಕಾಫಿ ಹರಡುವವರ ಅಂಗಾಲಲ್ಲಿ ಬೊಬ್ಬೆ ಏಳುತ್ತದೆ, ಜೋಮು ಹಿಡಿದ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ಬಚ್ಚಲ ಒಲೆಗೆ ಕಾಲೊಡ್ಡಿ ಕೂರುವುದೂ ಹೀಗೇ ಅಪಾಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಗೂ ತೋಟಕ್ಕೂ ಇದು ಸಾಲದು. ವೆಲ್ಕ್ರೋ ಹಲ್ಲಿನಲ್ಲಿ ಕೆಸರು ಕೂತು ಪಟ್ಟಿ ಹಿಡಿಯುವುದಿಲ್ಲ, ಒದ್ದೆ ರಬ್ಬರ್ ಮೇಲೆ ಪಾದ ಜಾರುತ್ತದೆ, ಜಿಗಣೆಗೆ ತಡೆಯೇ ಇಲ್ಲ. ಅಲ್ಲಿ ಗಂಬೂಟೇ ಬೇಕು. ಆದರೆ ಗಂಬೂಟಿನೊಳಗೆ ಬೆವರು ನಿಂತು ಬೆರಳ ಸಂದಿ ಬೆಳ್ಳಗೆ ನೆನೆದು ಕೆಸರುಹುಣ್ಣಾಗುತ್ತದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿ, ಮಧ್ಯಾಹ್ನ ಊಟಕ್ಕೆ ಬಂದಾಗ ಬದಲಿಸಿ. ಹಾಕುವ ಮುನ್ನ ಬೂಟನ್ನು ಬೋರಲು ಕೊಡವಿ, ಕೈ ಹಾಕಿ ನೋಡಿ: ಒಳಗೆ ಉಳಿದ ಒಂದೇ ಒಂದು ಕಾಫಿ ಬೀಜ ಸಂಜೆಯೊಳಗೆ ಗಾಯ ಮಾಡಬಲ್ಲದು. ಜಿಗಣೆ ಕಚ್ಚಿದ ಜಾಗಕ್ಕೆ ಸುಣ್ಣ, ಹೊಗೆಸೊಪ್ಪು ಬೇಡ. ಸೋಪು, ನೀರು, ಒಣ ಬಟ್ಟೆ ಸಾಕು.

ಯಾವ ಚಪ್ಪಲಿಯಾದರೂ ರಾತ್ರಿಯ ಐದು ನಿಮಿಷದ ಕೆಲಸವನ್ನು ತಪ್ಪಿಸುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು (ನೆನೆಹಾಕಬೇಡಿ), ಬೆರಳ ಸಂದಿ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಮಾತ್ರ, ಸಂದಿಗೆ ಬೇಡ. ಉಗುರನ್ನು ನೇರ ಕತ್ತರಿಸಿ. ಆಣಿಗೆ ಅಂಟಿಸುವ ಪಟ್ಟಿಯಲ್ಲಿ ಆಮ್ಲವಿರುತ್ತದೆ, ಅದು ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಹುಣ್ಣಿಲ್ಲದಿದ್ದರೂ ವರ್ಷಕ್ಕೊಮ್ಮೆ ಪಾದ ತೋರಿಸಿ. ಸ್ಪರ್ಶ ಕಡಿಮೆಯಾಗಿದ್ದರೆ ಆರು ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದರೆ ಒಂದರಿಂದ ಮೂರು ತಿಂಗಳಿಗೊಮ್ಮೆ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಸಕ್ಕರೆ ನೋಡಿಸುವ ದಿನವೇ ಚಪ್ಪಲಿ ಬಿಚ್ಚಿ, "ಕಾಲೂ ನೋಡಿ ಡಾಕ್ಟ್ರೇ" ಎಂದು ಕೇಳಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ಪರೀಕ್ಷಿಸುತ್ತಾರೆ, ಪಾದದ ನಾಡಿ ಹಿಡಿಯುತ್ತಾರೆ. ಹಾಕುವ ಚಪ್ಪಲಿಯನ್ನೂ ತೋರಿಸಿ: ಹಿಮ್ಮಡಿಯ ಗುಳಿ ಮೇಲೇಳದೆ ಹಾಗೇ ಉಳಿದಿದ್ದರೆ ಹೊಸ ಜೊತೆ ಕೊಳ್ಳುವ ಹೊತ್ತಾಗಿದೆ.